ಬಿಷಪ್ ಕೊಲೆನ್ಸೊ ಮಾಡಿದ ಲೆಕ್ಕ

ಧರ್ಮಗ್ರಂಥದಲ್ಲಿ ಬರೆದಿರುವುದನ್ನು ಹೇಗೆ ಓದಬೇಕು ಎಂಬ ಪ್ರಶ್ನೆ ಎಲ್ಲ ಮತಗಳಲ್ಲಿಯೂ ಹುಟ್ಟಿದೆ. ಎಲ್ಲ ಮತಗಳಲ್ಲಿಯೂ ಅದು ಕಲಹವನ್ನು ತಂದಿದೆ. ಶಬ್ದವೇ ಪ್ರಮಾಣ, ಅದರ ಮುಂದೆ ಮನುಷ್ಯನ ಬುದ್ಧಿ ಕೈಕಟ್ಟಿ ನಿಲ್ಲಬೇಕು ಎನ್ನುವವರು ಒಂದು ಕಡೆ. ಬುದ್ಧಿಯನ್ನು ಕೊಟ್ಟವನೂ ದೇವರೇ ಆದ್ದರಿಂದ ಅದನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಗುಡಿಯೊಳಗೆ ಹೋಗಬೇಕಾಗಿಲ್ಲ ಎನ್ನುವವರು ಮತ್ತೊಂದು ಕಡೆ. ಕ್ರೈಸ್ತ ಮತದ ಚರಿತ್ರೆಯಲ್ಲಿ ಈ ವಾದಕ್ಕೆ ಹತ್ತಾರು ಪ್ರಸಂಗಗಳು ಸಿಕ್ಕುತ್ತವೆ. ಹನ್ನೆರಡನೆಯ ಶತಮಾನದಲ್ಲಿ ಪ್ಯಾರಿಸ್ಸಿನ ತರ್ಕಪಂಡಿತ ಅಬೆಲಾರ್ಡನನ್ನು ಸಂತ ಬರ್ನಾರ್ಡ್ ಖಂಡಿಸಿದ್ದು, 1633ರಲ್ಲಿ ಗೆಲಿಲಿಯೊ ರೋಮಿನಲ್ಲಿ ವಿಚಾರಣೆಗೆ ನಿಂತದ್ದು ಅನೇಕರು ಬಲ್ಲ ಸಂಗತಿಗಳು. ನಾನು ಇಲ್ಲಿ ಹೇಳಹೊರಟಿರುವ ಪ್ರಸಂಗ ಅಷ್ಟು ಪ್ರಸಿದ್ಧವಾದುದಲ್ಲ. ಅದು ನಡೆದದ್ದು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ದಕ್ಷಿಣ ಆಫ್ರಿಕದ ನೇಟಾಲ್ ಎಂಬ ಬ್ರಿಟಿಷ್ ವಸಾಹತಿನಲ್ಲಿ. ಪ್ರಶ್ನೆ ಕೇಳಿದವನು ಜುಲು ಜನಾಂಗದ ಒಬ್ಬ ಭಾಷಾಂತರ ಸಹಾಯಕ. ಉತ್ತರ ಹೇಳಬೇಕಾಗಿ ಬಂದವನು ಆಂಗ್ಲಿಕನ್ ಚರ್ಚಿನ ಒಬ್ಬ ಬಿಷಪ್.

ಜಾನ್ ವಿಲಿಯಂ ಕೊಲೆನ್ಸೊ 1814ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ ಹುಟ್ಟಿದ. ತಂದೆ ತವರದ ಗಣಿಯಲ್ಲಿ ಹಾಕಿದ ಹಣ ಗಣಿಗೆ ನುಗ್ಗಿದ ನೀರಿನಲ್ಲಿ ಕೊಚ್ಚಿಹೋಯಿತು. ಹುಡುಗ ಶಾಲೆಯೊಂದರಲ್ಲಿ ಕಿರಿಯ ಉಪಾಧ್ಯಾಯನಾಗಿ ದುಡಿದು, ಬಡ ವಿದ್ಯಾರ್ಥಿಗಳಿಗೆ ಸಲ್ಲುವ ರಿಯಾಯಿತಿಯಲ್ಲಿ ಕೇಂಬ್ರಿಜ್ ಸೇರಿದ. 1836ರ ಗಣಿತ ಪರೀಕ್ಷೆಯಲ್ಲಿ ಇಡೀ ವಿಶ್ವವಿದ್ಯಾನಿಲಯಕ್ಕೆ ಎರಡನೆಯವನಾಗಿ ತೇರ್ಗಡೆಯಾದ. ಹ್ಯಾರೋ ಶಾಲೆಯಲ್ಲಿ ಗಣಿತ ಕಲಿಸಿದ. ಆತ ಬರೆದ ಅಂಕಗಣಿತ, ಬೀಜಗಣಿತಗಳ ಪಠ್ಯಪುಸ್ತಕಗಳು ಇಂಗ್ಲೆಂಡಿನ ಶಾಲೆಗಳಲ್ಲೆಲ್ಲ ಬಳಕೆಗೆ ಬಂದವು. ಮುಂದೆ 1846ರಲ್ಲಿ ನಾರ್ಫಕ್ ಪ್ರಾಂತದ ಒಂದು ಹಳ್ಳಿಯ ಚರ್ಚಿಗೆ ಪಾದ್ರಿಯಾದ. 1853ರ ನವೆಂಬರಿನಲ್ಲಿ, ಹೊಸದಾಗಿ ಏರ್ಪಟ್ಟಿದ್ದ ನೇಟಾಲ್ ಧರ್ಮಪ್ರಾಂತಕ್ಕೆ ಮೊದಲ ಬಿಷಪನಾಗಿ ನೇಮಕಗೊಂಡ. ಅಲ್ಲಿಯ ತನಕ ಆತನ ಬದುಕಿನಲ್ಲಿ ಚರ್ಚಿಗೆ ಕಳವಳ ತರುವಂಥ ಘಟನೆ ಯಾವುದೂ ನಡೆದಿರಲಿಲ್ಲ.

ನೇಟಾಲಿಗೆ ಬಂದ ಕೊಲೆನ್ಸೊ ರಾಜಧಾನಿಯಾದ ಪೀಟರ್‌ಮಾರಿಟ್ಸ್‌ಬರ್ಗಿನ ಸಮೀಪದಲ್ಲಿ ಒಂದು ಕೇಂದ್ರವನ್ನು ಕಟ್ಟಿದ. ಅದಕ್ಕೆ ಎಕುಖಾನ್ಯೇನಿ, ಎಂದರೆ ಬೆಳಕಿನ ತಾಣ, ಎಂದು ಹೆಸರಾಯಿತು. ಶಾಲೆ, ಅಚ್ಚುಕೂಟ, ಹೊಲಗದ್ದೆಗಳು ಅಲ್ಲಿ ತಲೆಯೆತ್ತಿದವು. ಜನರ ಭಾಷೆಯನ್ನು ಕಲಿಯದೆ ಅವರಿಗೆ ಧರ್ಮವನ್ನು ಹೇಳುವುದು ಹೇಗೆಂದು ಆತ ಜುಲು ಭಾಷೆಯ ವ್ಯಾಕರಣವನ್ನು ಬರೆದ. ನಿಘಂಟನ್ನು ಸಿದ್ಧಪಡಿಸಿ 1861ರಲ್ಲಿ ಅಚ್ಚು ಹಾಕಿಸಿದ. ಬೈಬಲ್ಲಿನ ಭಾಷಾಂತರಕ್ಕೆ ತೊಡಗಿದ. ದೇವರಿಗೆ ಆ ಭಾಷೆಯಲ್ಲಿ ಏನೆನ್ನಬೇಕು ಎಂಬುದು ಮೊದಲ ತೊಡಕು. ಕೆಲವು ಮಿಷನರಿಗಳು ಬೇರೆ ಕಡೆಯಿಂದ ತಂದ ಪದಗಳನ್ನು ಬಳಸುತ್ತಿದ್ದರು. ಕೊಲೆನ್ಸೊ ಜುಲು ಹಿರಿಯರನ್ನು ಕೇಳಿ ತಿಳಿದು, ಅವರಲ್ಲಿಯೇ ಇದ್ದ ಉಂಕುಲುಂಕುಲು ಎಂಬ ಹೆಸರನ್ನು ಆರಿಸಿದ. ಈ ಜನ ದೇವರನ್ನು ಅರಿಯದವರಲ್ಲ, ತಮ್ಮ ಮಾತಿನಲ್ಲಿ ಅರಿತವರು ಎಂಬುದು ಆ ಆಯ್ಕೆಯ ಅರ್ಥ. ಜುಲುಗಳು ಆತನನ್ನು ಸೊಬಂತು ಎಂದು ಕರೆದರು. ಜನರ ತಂದೆ ಎಂದು ಅದರ ಭಾವ.

ತೊಡಕುಗಳು ಒಂದರ ಹಿಂದೆ ಒಂದಾಗಿ ಬಂದವು. ಕ್ರಿಸ್ತನ ಹೆಸರನ್ನೇ ಕೇಳದೆ ಸತ್ತುಹೋದ ತಂದೆತಾತಂದಿರ ಗತಿ ಏನು? ಅವರೆಲ್ಲ ಎಂದೆಂದಿಗೂ ನರಕದ ಬೆಂಕಿಯಲ್ಲಿ ಬೇಯುತ್ತಿದ್ದಾರೆಯೆ? ಅಂದು ಇಂಗ್ಲೆಂಡಿನ ಚರ್ಚುಗಳಲ್ಲಿ ಸಾಮಾನ್ಯವಾಗಿ ಬೋಧಿಸುತ್ತಿದ್ದ ಉತ್ತರ, ಹೌದು ಎಂದೇ. ಗುರುಗಳ ಪೀಠದ ಮೇಲೆ ನಿಂತು ಆ ಮಾತನ್ನು ಹೇಳುವುದು ಸುಲಭ. ತಂದೆಯನ್ನು ಮಣ್ಣು ಮಾಡಿ ಬಂದ ಮಗನ ಎದುರಿಗೆ ಕುಳಿತು ಹೇಳುವುದು ಕಷ್ಟ. ಹೀಗೆ ಹೇಳುವ ದೇವರನ್ನು ಕರುಣಾಳು ಎಂದು ಕರೆಯುವುದು ಹೇಗೆ ಎಂಬ ಪ್ರಶ್ನೆ ಕೊಲೆನ್ಸೊನನ್ನು ಕಾಡಿತು. ರೋಮಾಪುರದವರಿಗೆ ಸಂತ ಪೌಲ ಬರೆದ ಪತ್ರಿಕೆಗೆ ಆತ 1861ರಲ್ಲಿ ಒಂದು ವ್ಯಾಖ್ಯಾನವನ್ನು ಪ್ರಕಟಿಸಿ, ಕೊನೆಯಿಲ್ಲದ ನರಕಶಿಕ್ಷೆಯ ಸಿದ್ಧಾಂತವನ್ನು ತಾನು ಒಪ್ಪಲಾರೆನೆಂದು ಬರೆದ. ದೇವರ ಕೃಪೆ ಜುಲುವನ್ನೂ ಆಂಗ್ಲನನ್ನೂ ಒಂದೇ ಸಮನಾಗಿ ಒಳಗೊಂಡಿದೆ ಎಂಬುದು ಆ ವ್ಯಾಖ್ಯಾನದ ಸಾರ. ಕೇಪ್‌ಟೌನಿನಲ್ಲಿದ್ದ ಹಿರಿಯ ಬಿಷಪ್ ರಾಬರ್ಟ್ ಗ್ರೇಯ ಹುಬ್ಬು ಆಗಲೇ ಗಂಟಿಕ್ಕಿತ್ತು.

ಭಾಷಾಂತರದಲ್ಲಿ ಕೊಲೆನ್ಸೊನಿಗೆ ನೆರವಾಗುತ್ತಿದ್ದವನು ವಿಲಿಯಂ ನ್ಗಿಡಿ. ಕ್ರೈಸ್ತನಾಗಿದ್ದ ಈತ ಬುದ್ಧಿವಂತ, ನೇರ ನಡೆಯವನು. 1859ರಲ್ಲಿ ಬಿಷಪ್ ಜುಲು ದೊರೆ ಎಂಪಾಂಡೆಯನ್ನು ಕಾಣಲು ಹೋದಾಗ ಜೊತೆಯಲ್ಲಿದ್ದ ಮೂವರು ಜುಲುಗಳು ಆ ಪ್ರವಾಸವನ್ನು ತಮ್ಮ ಭಾಷೆಯಲ್ಲಿಯೇ ಬರೆದರು. ಮರುವರ್ಷ ಅಚ್ಚಾದ ಆ ಪುಸ್ತಕದ ಲೇಖಕರಲ್ಲಿ ನ್ಗಿಡಿಯೂ ಒಬ್ಬ. ಹೀಗೆ ಈತನನ್ನು ಗುರುವಿನ ಮಾತಿಗೆಲ್ಲ ತಲೆದೂಗುವ ಪರಿಚಾರಕನೆಂದು ಭಾವಿಸಲಾಗದು. ಇಬ್ಬರೂ ಕುಳಿತು ಆದಿಕಾಂಡದ ಜಲಪ್ರಳಯದ ಕಥೆಯನ್ನು ಜುಲು ಭಾಷೆಗೆ ಇಳಿಸುತ್ತಿದ್ದಾಗ ನ್ಗಿಡಿ ಕೆಲಸ ನಿಲ್ಲಿಸಿ ಕೇಳಿದ: ಇದೆಲ್ಲ ನಿಜವೆಂದು ತಾವು ನಂಬುತ್ತೀರಾ? ದೊಡ್ಡವು ಸಣ್ಣವು, ಸೆಕೆಯ ದೇಶದವು ಚಳಿಯ ದೇಶದವು, ಎಲ್ಲ ಮೃಗಪಕ್ಷಿಗಳೂ ಹುಳುಹುಪ್ಪಟೆಗಳೂ ಜೋಡಿ ಜೋಡಿಯಾಗಿ ನಡೆದುಬಂದು ನೋಹನ ನಾವೆಯನ್ನು ಹತ್ತಿದವೆ? ಅವಕ್ಕೆಲ್ಲ, ಮಾಂಸ ತಿನ್ನುವ ಪ್ರಾಣಿಗಳಿಗೂ ಸೇರಿಸಿ, ನೋಹ ಆಹಾರವನ್ನು ಕೂಡಿಟ್ಟನೆ?

ಕಾಡುಮೃಗಗಳ ನಡುವೆ ಬೆಳೆದವನು ಕೇಳಿದ ಪ್ರಶ್ನೆ ಇದು. ಸಿಂಹ ಏನನ್ನು ತಿನ್ನುತ್ತದೆ ಎಂಬುದನ್ನು ಆತ ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿರಲಿಲ್ಲ. ಕೇಂಬ್ರಿಜ್ಜಿನ ಪಂಡಿತನಿಗೆ ಆ ಪ್ರಶ್ನೆ ಪೂರಾ ಹೊಸದೇನೂ ಆಗಿರಲಿಲ್ಲ. ಭೂವಿಜ್ಞಾನಿ ಚಾರ್ಲ್ಸ್ ಲಯಲ್ಲನ ಗ್ರಂಥಗಳನ್ನು ಆತ ಓದಿದ್ದ. ಫ್ರಾನ್ಸಿನ ಓವೆರ್ನ್ಯ ಪ್ರದೇಶದ ಹಳೆಯ ಜ್ವಾಲಾಮುಖಿಗಳ ಮೇಲೆ ಹಗುರವಾದ ಬೂದಿಗಲ್ಲುಗಳು ಕದಲದೆ ಬಿದ್ದಿರುವುದನ್ನು ಬಲ್ಲವನಿಗೆ, ಜಗತ್ತನ್ನೆಲ್ಲ ಮುಳುಗಿಸಿದ ಪ್ರವಾಹವೊಂದು ನೋಹನ ಕಾಲದಲ್ಲಿ ಅವುಗಳ ಮೇಲೆ ಹರಿದಿರಲಾರದೆಂದು ತಿಳಿದಿತ್ತು. ಆದರೆ ತಿಳಿದಿದ್ದ ವಿಷಯ ಮನಸ್ಸಿನ ಒಂದು ಕೋಣೆಯಲ್ಲಿತ್ತು, ನಂಬಿಕೆ ಇನ್ನೊಂದು ಕೋಣೆಯಲ್ಲಿ. ನಡುವಿನ ಬಾಗಿಲನ್ನು ಮುಚ್ಚಿಟ್ಟುಕೊಂಡು ಬದುಕುವ ವಿದ್ಯೆ ಓದಿದವರಿಗೆಲ್ಲ ಒಗ್ಗಿದೆ. ನ್ಗಿಡಿ ಆ ಬಾಗಿಲನ್ನು ತಟ್ಟಿದ. ದೇವರ ಹೆಸರಿನಲ್ಲಿ ಸುಳ್ಳಾಡಬಹುದೆ ಎಂದು ಪ್ರವಾದಿ ಜೆಕರ್ಯನ ಮಾತು ತನ್ನ ಎದೆಯೊಳಗೆ ಕೇಳಿಬಂದಿತೆಂದು ಕೊಲೆನ್ಸೊ ಮುಂದೆ ಬರೆದುಕೊಂಡಿದ್ದಾನೆ. ಆ ಕ್ಷಣಕ್ಕೆ ಆತ ಕೊಟ್ಟ ಉತ್ತರ ಜಾಣತನದ್ದು: ಗ್ರಂಥದ ಇತರ ಭಾಗಗಳ ಮಹತ್ತ್ವಕ್ಕೆ ಕುಂದು ಬಾರದ ಹಾಗೆ ಮಾತು ತಪ್ಪಿಸಿ ಹೇಳಿದ. ಆದರೆ ಹಾಗೆ ಹೇಳಿದ ಮೇಲೆ ಆತನಿಗೆ ನೆಮ್ಮದಿಯಿರಲಿಲ್ಲ.

ಇನ್ನೊಂದು ದಿನ ವಿಮೋಚನಕಾಂಡದ ನಿಯಮಗಳನ್ನು ಭಾಷಾಂತರಿಸುವ ಸರದಿ. ಯಜಮಾನನು ದಾಸನನ್ನು ಕೋಲಿನಿಂದ ಹೊಡೆದಾಗ, ದಾಸ ಒಂದೆರಡು ದಿನ ಬದುಕಿ ಸತ್ತರೆ ಯಜಮಾನನಿಗೆ ಶಿಕ್ಷೆಯಿಲ್ಲ. ಏಕೆಂದರೆ ದಾಸನು ಅವನ ಹಣ, ಅವನ ಸೊತ್ತು. ಇದು ದೇವರೇ ಆಡಿದ ಮಾತೆಂದು ಕೇಳಿದ ಜುಲು ಸಹಾಯಕನ ಮುಖದ ಮೇಲೆ ಮೂಡಿದ ಜುಗುಪ್ಸೆಯನ್ನು ಬಿಷಪ್ ಮರೆಯಲಿಲ್ಲ. ಹಿಂದಿನದು ಬುದ್ಧಿಯ ಪ್ರಶ್ನೆಯಾಗಿದ್ದರೆ ಇದು ಅಂತಃಕರಣದ ಪ್ರಶ್ನೆ. ಕೊಲೆನ್ಸೊನ ಮುಂದಿನ ಬದುಕನ್ನು ತಿಳಿಯಬೇಕಾದರೆ ಈ ಎರಡು ಪ್ರಶ್ನೆಗಳನ್ನು ಜೊತೆಯಲ್ಲಿಯೇ ನೆನಪಿಡಬೇಕು.

ಆ ಕಾಲದ ಇಂಗ್ಲೆಂಡಿನಲ್ಲಿ ಗಾಳಿ ಮೊದಲೇ ಬಿರುಸಾಗಿತ್ತು. 1859ರಲ್ಲಿ ಡಾರ್ವಿನ್ನನ ಗ್ರಂಥ ಹೊರಬಂದಿತ್ತು. ಮರುವರ್ಷ ಏಳು ಮಂದಿ ವಿದ್ವಾಂಸರು ಸೇರಿ, ಬೈಬಲ್ಲನ್ನು ಇತರ ಪ್ರಾಚೀನ ಗ್ರಂಥಗಳಂತೆಯೇ ವಿಮರ್ಶಿಸಿ ಓದಬೇಕೆಂದು ವಾದಿಸುವ ಪ್ರಬಂಧಸಂಕಲನವೊಂದನ್ನು ಪ್ರಕಟಿಸಿದರು. ಅವರಲ್ಲಿ ಇಬ್ಬರ ಮೇಲೆ ಧಾರ್ಮಿಕ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಜರ್ಮನಿಯ ಪಂಡಿತರು ಮೋಶೆಯ ಹೆಸರಿನಲ್ಲಿರುವ ಐದು ಕಾಂಡಗಳು ಒಬ್ಬನ ಕೃತಿಯಲ್ಲ, ಬೇರೆ ಬೇರೆ ಕಾಲದ ಹಲವು ಕೈಗಳ ನೇಯ್ಗೆ ಎಂದು ಹೇಳುತ್ತ ಬಂದಿದ್ದರು. ಕೊಲೆನ್ಸೊ ಅವರ ಗ್ರಂಥಗಳನ್ನು ತರಿಸಿಕೊಂಡು ಓದಿದ. ಆದರೆ ಆತ ಹಿಡಿದ ದಾರಿ ಆತನದೇ. ಶಬ್ದಗಳ ಸೂಕ್ಷ್ಮವನ್ನು ಬಿಡಿಸುತ್ತ ಕೂಡುವುದಕ್ಕೆ ಬದಲು, ಶಾಲೆಯ ಮೇಷ್ಟರ ಹಾಗೆ ಹಲಗೆಯನ್ನೂ ಬಳಪವನ್ನೂ ತೆಗೆದುಕೊಂಡು ಕುಳಿತ. 1862ರ ಅಕ್ಟೋಬರಿನಲ್ಲಿ ಆತನ ವಿಮರ್ಶೆಯ ಮೊದಲ ಭಾಗ ಲಂಡನ್ನಿನಲ್ಲಿ ಪ್ರಕಟವಾಯಿತು. ಏಳನೆಯದೂ ಕೊನೆಯದೂ ಆದ ಭಾಗ ಬಂದದ್ದು 1879ರಲ್ಲಿ.

ಆ ಲೆಕ್ಕಗಳಲ್ಲಿ ಕೆಲವನ್ನು ನೋಡೋಣ. ಯಾಕೋಬನ ಮನೆಯವರು ಐಗುಪ್ತಕ್ಕೆ ಹೋದಾಗ ಎಪ್ಪತ್ತು ಮಂದಿ. ನಾಲ್ಕನೆಯ ತಲೆಮಾರಿನಲ್ಲಿ ಅವರ ವಂಶದವರು ಹೊರಟು ಬಂದಾಗ ಯುದ್ಧಕ್ಕೆ ಸಿದ್ಧರಾದ ಗಂಡಸರೇ 6,03,550 ಎಂದು ಅರಣ್ಯಕಾಂಡ ಹೇಳುತ್ತದೆ. ಹೆಂಗಸರು, ಮಕ್ಕಳು, ಮುದುಕರು ಸೇರಿದರೆ ಇಪ್ಪತ್ತು ಲಕ್ಷ ಜನ. ಇಷ್ಟು ಜನ, ಅವರ ಕುರಿದನಗಳ ಸಮೇತ, ಮೇವಿಲ್ಲದ ಸೀನಾಯಿ ಮರಳುಗಾಡಿನಲ್ಲಿ ಪಾಳೆಯ ಬಿಟ್ಟಿದ್ದರು. ಅದೇ ಕಾಂಡದ ಪ್ರಕಾರ ಚೊಚ್ಚಲ ಗಂಡುಮಕ್ಕಳ ಸಂಖ್ಯೆ 22,273. ಎಂದರೆ ಹುಡುಗರನ್ನು ಬಿಟ್ಟು ಬೆಳೆದ ಗಂಡಸರನ್ನು ಮಾತ್ರ ಎಣಿಸಿದರೂ ಒಬ್ಬೊಬ್ಬ ಚೊಚ್ಚಲು ಮಗನಿಗೆ ಇಪ್ಪತ್ತೇಳು ಗಂಡಸರು ಬೀಳುತ್ತಾರೆ. ಒಬ್ಬೊಬ್ಬ ತಾಯಿ ಎಷ್ಟು ಗಂಡುಮಕ್ಕಳನ್ನು ಹೆತ್ತಿರಬೇಕು? ದೇವದರ್ಶನದ ಗುಡಾರದ ಬಾಗಿಲಿಗೆ ಇಡೀ ಸಭೆ ಕೂಡಿಬಂದಿತೆಂದು ಯಾಜಕಕಾಂಡದಲ್ಲಿದೆ. ಗುಡಾರದ ಅಂಗಳ ನೂರು ಮೊಳ ಉದ್ದ, ಐವತ್ತು ಮೊಳ ಅಗಲ. ಮೊಳಕ್ಕೆ ಒಂದೂವರೆ ಅಡಿಯಂತೆ 11,250 ಚದರಡಿ. ಗಂಡಸರು ಮಾತ್ರ ಬಂದರೆಂದರೂ ಚದರಡಿಗೆ ಐವತ್ತಕ್ಕೂ ಹೆಚ್ಚು ಜನ ನಿಂತಿರಬೇಕಾಯಿತು.

ಮತ್ತೂ ಇದೆ. ಆರೋನ ಮತ್ತು ಅವನ ಇಬ್ಬರು ಮಕ್ಕಳು, ಒಟ್ಟು ಮೂವರು ಯಾಜಕರು. ಇಪ್ಪತ್ತು ಲಕ್ಷ ಜನರಿರುವಲ್ಲಿ ದಿನಕ್ಕೆ ಸುಮಾರು 250 ಮಕ್ಕಳು ಹುಟ್ಟುವುದು ಸಹಜ. ಹೆತ್ತ ತಾಯಿ ತರುವ ಪಾರಿವಾಳದ ಬಲಿಯನ್ನು ಯಾಜಕನೇ ಪವಿತ್ರಸ್ಥಾನದಲ್ಲಿ ತಿನ್ನಬೇಕೆಂದು ವಿಧಿ. ಒಬ್ಬೊಬ್ಬ ಯಾಜಕ ದಿನಕ್ಕೆ ಎಂಬತ್ತಕ್ಕೂ ಹೆಚ್ಚು ಪಾರಿವಾಳಗಳನ್ನು ತಿನ್ನಬೇಕಾಗುತ್ತದೆ. ಬಲಿಕೊಟ್ಟ ಹೋರಿಯ ಚರ್ಮ ಮಾಂಸಗಳನ್ನೆಲ್ಲ ಯಾಜಕ ಪಾಳೆಯದ ಹೊರಗೆ ಒಯ್ಯಬೇಕು. ಲಂಡನ್ ನಗರದಷ್ಟು ಜನರಿರುವ ಪಾಳೆಯದ ನಡುವಿನಿಂದ ಹೊರಗೆ ಎಂದರೆ ಹಲವು ಮೈಲಿಗಳ ನಡಿಗೆ. ಕೊಲೆನ್ಸೊ ಇದನ್ನೆಲ್ಲ ನಗಿಸುವುದಕ್ಕಾಗಿ ಬರೆಯಲಿಲ್ಲ. ಅಕ್ಷರಾಕ್ಷರವೂ ದೈವಪ್ರೇರಿತ, ಆದ್ದರಿಂದ ಅಂಕಿಗಳಲ್ಲಿ ಸಹ ತಪ್ಪಿರಲಾರದು ಎಂದು ಚರ್ಚು ಹೇಳುತ್ತಿತ್ತು. ಹಾಗಾದರೆ ಅಂಕಿಗಳನ್ನು ಕೂಡಿ ಕಳೆದು ನೋಡುವ ಹಕ್ಕು ಓದುವವನಿಗೆ ಇರಬೇಕು ಎಂಬುದಿಷ್ಟೇ ಆತನ ತರ್ಕ. ಈ ಕಾಂಡಗಳು ಮೋಶೆಯ ಕಾಲದಲ್ಲಿ ಕಣ್ಣಾರೆ ಕಂಡವರು ಬರೆದ ಚರಿತ್ರೆಯಲ್ಲವೆಂದೂ, ಅವುಗಳಲ್ಲಿ ದೇವರ ಮಾತು ಮನುಷ್ಯರ ತಪ್ಪುಗಳೊಡನೆ ಕಲೆತು ಬಂದಿದೆಯೆಂದೂ ಆತನ ತೀರ್ಮಾನ.

ಪುಸ್ತಕ ಕೆಲವೇ ದಿನಗಳಲ್ಲಿ ಸಾವಿರಾರು ಪ್ರತಿಗಳಲ್ಲಿ ಮಾರಿಹೋಯಿತು. ಅದರ ಹಿಂದೆಯೇ ಖಂಡನೆಯ ಗ್ರಂಥಗಳು, ಉಪನ್ಯಾಸಗಳು, ಲಾವಣಿಗಳು ಹೊರಟವು. ಜುಲುವನ್ನು ಮತಾಂತರಿಸಲು ಹೋದ ಬಿಷಪನನ್ನು ಜುಲುವೇ ಮತಾಂತರಿಸಿದ ಎಂಬ ಚಾಟೂಕ್ತಿ ಊರೆಲ್ಲ ಹರಡಿತು. ಅದನ್ನು ಆಡಿದವರ ನಗೆಯಲ್ಲಿ ಒಂದು ತಾತ್ಸಾರ ಅಡಗಿತ್ತು: ಆಫ್ರಿಕದ ಮನುಷ್ಯ ಯುರೋಪಿನ ಗುರುವಿಗೆ ಪಾಠ ಹೇಳುವುದುಂಟೆ? ಇಂಗ್ಲೆಂಡಿನ ಬಿಷಪರು ಕೊಲೆನ್ಸೊ ಪದವಿಯನ್ನು ಬಿಡಬೇಕೆಂದು ಒತ್ತಾಯಿಸಿದರು. ಅದಕ್ಕೆ ರುಜು ಹಾಕದೆ ದೂರ ನಿಂತವನು ಗ್ರೀಸ್ ದೇಶದ ಚರಿತ್ರೆಯನ್ನು ಬರೆದಿದ್ದ ಬಿಷಪ್ ಕಾನಪ್ ತರ್ಲ್‌ವಾಲ್. ಗೆಳೆಯನೂ ಗುರುಸಮಾನನೂ ಆಗಿದ್ದ ಎಫ್. ಡಿ. ಮಾರಿಸ್ ಸಂಬಂಧ ಕಡಿದುಕೊಂಡ. ಅನಂತ ನರಕವನ್ನು ಪ್ರಶ್ನಿಸಿದ್ದಕ್ಕಾಗಿ 1853ರಲ್ಲಿ ತಾನೇ ಪ್ರಾಧ್ಯಾಪಕ ಪದವಿಯನ್ನು ಕಳೆದುಕೊಂಡಿದ್ದ ಮಾರಿಸನಿಗೂ ಈ ಲೆಕ್ಕ ಸಹನೆಯಾಗಲಿಲ್ಲ. ಕವಿ ಮ್ಯಾಥ್ಯೂ ಆರ್ನಲ್ಡ್ 1863ರಲ್ಲಿ ಬರೆದ ವಿಮರ್ಶೆಯಲ್ಲಿ, ಈ ಪುಸ್ತಕ ಬಲ್ಲವರಿಗೆ ಹೊಸದೇನನ್ನೂ ಕಲಿಸುವುದಿಲ್ಲ, ಅರಿಯದವರ ಆತ್ಮವನ್ನು ಎತ್ತುವುದೂ ಇಲ್ಲ ಎಂದು ಆಕ್ಷೇಪಿಸಿದ.

ವಿರೋಧಿಗಳಿಗೂ ನ್ಯಾಯ ಸಲ್ಲಬೇಕು. ಬಿಷಪ್ ಗ್ರೇ ದುಷ್ಟನಲ್ಲ. ದೂರ ದೂರದ ಊರುಗಳಿಗೆ ಗಾಡಿಯಲ್ಲಿ ಹೋಗಿ ಚರ್ಚನ್ನು ಕಟ್ಟಿದ ಶ್ರಮಜೀವಿ. ಆತನ ವಾದ ಹೀಗೆ: ಪಾದ್ರಿಯಾಗುವವನು ಧರ್ಮಗ್ರಂಥವನ್ನೆಲ್ಲ ನಿಷ್ಕಪಟವಾಗಿ ನಂಬುತ್ತೇನೆಂದು ಪ್ರಮಾಣ ಮಾಡುತ್ತಾನೆ, ಬಿಷಪನಾದವನು ಆ ಪ್ರಮಾಣವನ್ನು ಇತರರಿಂದ ಮಾಡಿಸುತ್ತಾನೆ, ಆ ನಂಬಿಕೆ ಹೋದ ಮೇಲೆ ಆ ಪೀಠದಲ್ಲಿ ಕುಳಿತಿರುವುದು ಪ್ರಾಮಾಣಿಕತೆಯೆ? ಇದು ತಳ್ಳಿಹಾಕುವ ಮಾತಲ್ಲ. ಇನ್ನೂ ಆಳದ ಅಂಜಿಕೆಯೊಂದಿತ್ತು. ಕ್ರಿಸ್ತನೇ ಮೋಶೆಯ ಮಾತನ್ನು ಉದಾಹರಿಸಿದ್ದಾನೆ. ಮೋಶೆ ಅದನ್ನು ಬರೆಯಲಿಲ್ಲವೆಂದಾದರೆ ಕ್ರಿಸ್ತನಿಗೆ ಅದು ತಿಳಿಯದೆ ಹೋಯಿತೆ? ಒಂದು ಇಟ್ಟಿಗೆಯನ್ನು ಕಿತ್ತರೆ ಗೋಡೆ, ಗೋಡೆಯಿಂದ ಸೂರು, ಹೀಗೆ ಮನೆಯೇ ಬೀಳುವುದೆಂದು ಸಾಮಾನ್ಯ ಭಕ್ತರು ಹೆದರಿದರು. ಹೆಂಡತಿಮಕ್ಕಳನ್ನು ಮಣ್ಣಿಗೊಪ್ಪಿಸಿ ಪುನರುತ್ಥಾನದ ಭರವಸೆಯ ಮೇಲೆ ಬದುಕುತ್ತಿದ್ದವರಿಗೆ ಅದು ಬರಿಯ ವಾದವಾಗಿರಲಿಲ್ಲ. ಕೊಲೆನ್ಸೊನ ಉತ್ತರ: ದೇವರ ಮೇಲಿನ ನಂಬಿಕೆ ಪಾರಿವಾಳಗಳ ಲೆಕ್ಕದ ಮೇಲೆ ನಿಂತಿದ್ದರೆ ಅದು ಎಂದಾದರೊಂದು ದಿನ ಬೀಳುವಂಥದೇ, ಕ್ರಿಸ್ತನು ಮನುಷ್ಯನಾಗಿ ಹುಟ್ಟಿದನೆಂದ ಮೇಲೆ ತನ್ನ ಕಾಲದ ತಿಳಿವಳಿಕೆಯನ್ನು ಆತ ಹಂಚಿಕೊಂಡದ್ದರಿಂದ ಆತನ ದೈವತ್ವಕ್ಕೆ ಕುಂದಿಲ್ಲ.

1863ರ ನವೆಂಬರಿನಲ್ಲಿ ಕೇಪ್‌ಟೌನಿನ ಪ್ರಧಾನ ಚರ್ಚಿನಲ್ಲಿ ಗ್ರೇಯ ಅಧ್ಯಕ್ಷತೆಯಲ್ಲಿ ಪಾಷಂಡಮತದ ವಿಚಾರಣೆ ನಡೆಯಿತು. ಆಪಾದನೆಗಳು ಒಂಬತ್ತು. ಲಂಡನ್ನಿನಲ್ಲಿದ್ದ ಕೊಲೆನ್ಸೊ ಹಾಜರಾಗಲಿಲ್ಲ. ಈ ಸಭೆಗೆ ತನ್ನನ್ನು ವಿಚಾರಿಸುವ ಅಧಿಕಾರವಿಲ್ಲವೆಂಬ ಪ್ರತಿಭಟನೆಯನ್ನು ಭಾಷಾಶಾಸ್ತ್ರಜ್ಞ ವಿಲ್ಹೆಲ್ಮ್ ಬ್ಲೀಕನ ಮೂಲಕ ಸಲ್ಲಿಸಿದ. ಡಿಸೆಂಬರಿನಲ್ಲಿ ಪದಚ್ಯುತಿಯ ತೀರ್ಪು ಬಂದಿತು. ಕೊಲೆನ್ಸೊ ಪ್ರಿವಿ ಕೌನ್ಸಿಲ್ಲಿಗೆ ಮೊರೆಹೋದ. 1865ರ ಮಾರ್ಚಿನಲ್ಲಿ ಆ ನ್ಯಾಯಪೀಠ ಧರ್ಮದ ಗೊಡವೆಗೇ ಹೋಗದೆ, ಗ್ರೇಗೆ ಕಾನೂನಿನ ಅಧಿಕಾರವಿರಲಿಲ್ಲವಾಗಿ ತೀರ್ಪು ಅಸಿಂಧುವೆಂದು ಹೇಳಿತು. ಕೊಲೆನ್ಸೊ ನೇಟಾಲಿಗೆ ಹಿಂದಿರುಗಿದ. 1866ರ ಜನವರಿಯಲ್ಲಿ ಆತನದೇ ಪ್ರಧಾನ ಚರ್ಚಿನಲ್ಲಿ ಆತನ ಬಹಿಷ್ಕಾರದ ಆಜ್ಞೆಯನ್ನು ಓದಲಾಯಿತು. ಅದೇ ವರ್ಷ ಇಂಗ್ಲೆಂಡಿನ ಯುವ ಪಾದ್ರಿ ಸ್ಯಾಮುಯೆಲ್ ಜಾನ್ ಸ್ಟೋನ್ ಚರ್ಚಿನ ಏಕೈಕ ಅಡಿಗಲ್ಲನ್ನು ಕುರಿತು ಸ್ತುತಿಗೀತೆಯೊಂದನ್ನು ಬರೆದ. ಇಂದಿಗೂ ಲೋಕದ ನಾನಾ ಕಡೆಗಳಲ್ಲಿ ಹಾಡುವ ಆ ಗೀತೆಗೆ ಪ್ರೇರಣೆ ಈ ಜಗಳವೇ. 1867ರಲ್ಲಿ ಲೋಕದ ಆಂಗ್ಲಿಕನ್ ಬಿಷಪರು ಲ್ಯಾಂಬೆತ್ತಿನಲ್ಲಿ ಮೊತ್ತಮೊದಲು ಸಭೆ ಸೇರಿದ್ದಕ್ಕೂ ಇದೊಂದು ಕಾರಣ. 1869ರಿಂದ ನೇಟಾಲಿಗೆ ಇಬ್ಬರು ಬಿಷಪರು: ಕಾನೂನಿನ ಬಿಷಪ್ ಕೊಲೆನ್ಸೊ, ಗ್ರೇ ನೇಮಿಸಿದ ಬಿಷಪ್ ಮಕ್ರೋರಿ.

ವಿದ್ವತ್ತಿನ ಲೋಕದಲ್ಲಿ ಆ ಲೆಕ್ಕದ ಗತಿ ಏನಾಯಿತು? ನಕ್ಕವರು ಮುಂದಿನದನ್ನು ಊಹಿಸಿರಲಿಲ್ಲ. ಹಾಲೆಂಡಿನ ಲೈಡನ್ ನಗರದ ಪಂಡಿತ ಅಬ್ರಹಾಂ ಕ್ಯೂನೆನ್ ಕೊಲೆನ್ಸೊನ ಮೊದಲ ಭಾಗವನ್ನು ಮನಸ್ಸಿಟ್ಟು ಓದಿದ. ಅಸಾಧ್ಯವಾದ ಅಂಕಿಗಳೆಲ್ಲ ಹೆಚ್ಚಾಗಿ ಯಾಜಕರ ಪರಂಪರೆಗೆ ಸೇರಿದ ಒಂದೇ ಪದರದಲ್ಲಿ ಕೂಡಿದ್ದವು. ಆ ಪದರವೇ ಎಲ್ಲಕ್ಕಿಂತ ಹಳೆಯದು, ಆದ್ದರಿಂದ ಹೆಚ್ಚು ನಂಬತಕ್ಕದ್ದು ಎಂದು ಪಂಡಿತರು ಅದುವರೆಗೆ ತಿಳಿದಿದ್ದರು. ನಂಬಲು ಆಗದ್ದು ಅಲ್ಲಿಯೇ ಹೆಚ್ಚಾಗಿದ್ದರೆ ಅದು ಹಳೆಯದೆಂಬುದು ಹೇಗೆ? ಈ ಸಂದೇಹದಿಂದ ಹೊರಟ ವಿಚಾರ ಕ್ಯೂನೆನ್ನನ ಮೂಲಕ ಬೆಳೆದು, 1878ರಲ್ಲಿ ಜರ್ಮನಿಯ ವೆಲ್‌ಹೌಸನ್ ಮಂಡಿಸಿದ ಪ್ರಸಿದ್ಧ ಸಿದ್ಧಾಂತಕ್ಕೆ ನೆರವಾಯಿತು. ಶಾಲೆಯ ಮೇಷ್ಟರ ಕೂಡುವ ಕಳೆಯುವ ಲೆಕ್ಕ ಒಂದು ಶಾಸ್ತ್ರದ ದಿಕ್ಕನ್ನು ಬದಲಿಸುವಲ್ಲಿ ಪಾಲುಗೊಂಡಿತು.

ಆದರೂ ಆರ್ನಲ್ಡನ ಆಕ್ಷೇಪದಲ್ಲಿ ಒಂದು ನಿಜವಿದೆ. ಇಪ್ಪತ್ತು ಲಕ್ಷ ಜನ ಮರಳುಗಾಡಿನಲ್ಲಿ ನಡೆದರೆಂಬುದು ಲೆಕ್ಕಕ್ಕೆ ನಿಲ್ಲುವುದಿಲ್ಲ; ಆದರೆ ದಾಸ್ಯದಿಂದ ಹೊರಟ ಜನ ತಮ್ಮನ್ನು ಬಿಡಿಸಿದ ದೇವರನ್ನು ಮರೆಯಬಾರದೆಂದು ಆ ಕಥೆಯನ್ನು ತಲೆಮಾರುಗಳ ತನಕ ಹೇಳಿಕೊಂಡು ಬಂದರಲ್ಲ, ಆ ಸ್ಮರಣೆಯನ್ನು ಅಳೆಯುವ ಮೊಳ ಯಾವುದು? ಪುರಾಣದ ದೊಡ್ಡ ಸಂಖ್ಯೆಗಳು ಎಣಿಕೆಗಾಗಿ ಹುಟ್ಟಿದವಲ್ಲ, ವಿಸ್ಮಯಕ್ಕಾಗಿ ಹುಟ್ಟಿದವು ಎಂಬುದನ್ನು ಕಥೆಗಳ ನಡುವೆ ಬೆಳೆದವರಿಗೆ ಹೇಳಬೇಕಾಗಿಲ್ಲ. ಕೊಲೆನ್ಸೊನ ಮೊದಲ ಭಾಗದಲ್ಲಿ ಈ ರಸಜ್ಞತೆ ಕಡಮೆ. ಅಕ್ಷರವಾದಿಗಳು ಕಾವ್ಯವನ್ನು ವರದಿಯೆಂದು ಓದಿದರು; ಅವರನ್ನು ಖಂಡಿಸುವ ಭರದಲ್ಲಿ ಆತನೂ ಅದನ್ನು ವರದಿಯೆಂದೇ ಓದಿ, ವರದಿಯಲ್ಲಿ ತಪ್ಪು ಹುಡುಕಿದ. ತರ್ಕ ಆತನಿಗೆ ಯಾವುದನ್ನು ಬಿಡಬೇಕೆಂದು ತೋರಿಸಿಕೊಟ್ಟಿತು. ಬಿಟ್ಟ ಮೇಲೆ ಉಳಿದುದರ ಬೆಲೆ ಎಷ್ಟೆಂಬುದನ್ನು ತಿಳಿಯಲು ಆತನ ಬದುಕಿನ ಉತ್ತರಾರ್ಧವನ್ನು ನೋಡಬೇಕು.

1873ರಲ್ಲಿ ಹ್ಲೂಬಿ ಜನರ ನಾಯಕ ಲಂಗಲಿಬಲೇಲೆಯ ಮೇಲೆ ನೇಟಾಲ್ ಸರ್ಕಾರ ಮುನಿಯಿತು. ವಜ್ರದ ಗಣಿಗಳಲ್ಲಿ ದುಡಿದ ತರುಣರು ಕೂಲಿಯ ಹಣದಿಂದ ಕೊಂಡು ತಂದ ಬಂದೂಕುಗಳನ್ನು ನೋಂದಾಯಿಸಲಿಲ್ಲವೆಂಬುದು ಆರಂಭದ ಕಾರಣ. ಕರೆ ಬಂದಾಗ ನಾಯಕ ಹೆದರಿ ಬೆಟ್ಟ ದಾಟಿ ಓಡಿದ. ಕಣಿವೆಯೊಂದರಲ್ಲಿ ನಡೆದ ಘರ್ಷಣೆಯಲ್ಲಿ ಸರ್ಕಾರದ ಪಡೆಯ ಕೆಲವರು ಸತ್ತರು. ಅದರ ಸೇಡು ಭಯಂಕರವಾಗಿತ್ತು: ಹ್ಲೂಬಿಗಳ ಹಳ್ಳಿಗಳನ್ನೂ, ನೆರೆಯವರಾಗಿದ್ದುದೇ ತಪ್ಪಾದ ಮತ್ತೊಂದು ಬುಡಕಟ್ಟಿನ ಹಳ್ಳಿಗಳನ್ನೂ ಸುಟ್ಟು, ದನಗಳನ್ನು ಹಿಡಿದು ತಂದರು. ನಾಯಕನನ್ನು ಸರಿಯಾದ ವಕೀಲನಿಲ್ಲದೆ ವಿಚಾರಿಸಿ ರಾಬೆನ್ ದ್ವೀಪಕ್ಕೆ ಗಡೀಪಾರು ಮಾಡಿದರು. ಇದನ್ನೆಲ್ಲ ನಡೆಸಿದ ದೇಶೀಯ ವ್ಯವಹಾರಗಳ ಕಾರ್ಯದರ್ಶಿ ಥಿಯೋಫಿಲಸ್ ಶೆಪ್‌ಸ್ಟನ್ ಕೊಲೆನ್ಸೊನಿಗೆ ಇಪ್ಪತ್ತು ವರ್ಷಗಳ ಗೆಳೆಯ. ಕೊಲೆನ್ಸೊ ಮೊದಲು ನಂಬಲಿಲ್ಲ. ಆಮೇಲೆ ಜುಲು ಸಾಕ್ಷಿಗಳನ್ನು ಕರೆದು ಕೇಳಿದ. ಸರ್ಕಾರದ ಹೇಳಿಕೆಗಳನ್ನು ಸಾಲುಸಾಲಾಗಿ ಅವುಗಳ ಪಕ್ಕದಲ್ಲಿಟ್ಟು ತಾಳೆ ನೋಡಿದ. ಮೋಶೆಯ ಕಾಂಡಗಳನ್ನು ಓದಿದ ಅದೇ ಕಣ್ಣು, ಅದೇ ಮೊಂಡುತನ. ಹೇಳಿಕೆ ಸುಳ್ಳೆಂದು ಮನವರಿಕೆಯಾದ ಮೇಲೆ ಗೆಳೆತನವನ್ನು ತೊರೆದು, 1874ರಲ್ಲಿ ಲಂಡನ್ನಿಗೆ ಹೋಗಿ ವಸಾಹತು ಮಂತ್ರಿಯ ಮುಂದೆ ದೂರಿತ್ತ. ಗವರ್ನರನನ್ನು ಹಿಂದಕ್ಕೆ ಕರೆಸಿಕೊಂಡರು. ನಾಯಕನನ್ನು ದ್ವೀಪದಿಂದ ಕೇಪಿನ ನೆಲಕ್ಕೆ ತಂದರು. ಚರ್ಚಿನ ಜಗಳದಲ್ಲಿ ಕೊಲೆನ್ಸೊನ ಬೆನ್ನಿಗೆ ನಿಂತಿದ್ದ ಬಿಳಿಯ ವಸಾಹತುಗಾರರು ಈಗ ಬೆನ್ನು ತಿರುಗಿಸಿದರು. ನೋಹನ ನಾವೆಯನ್ನು ಪ್ರಶ್ನಿಸಿದ್ದನ್ನು ಅವರು ಕ್ಷಮಿಸಿದ್ದರು, ತಮ್ಮ ದಬ್ಬಾಳಿಕೆಯನ್ನು ಪ್ರಶ್ನಿಸಿದ್ದನ್ನು ಕ್ಷಮಿಸಲಿಲ್ಲ.

1879ರ ಜನವರಿಯಲ್ಲಿ ಬ್ರಿಟಿಷ್ ಸೇನೆ ಜುಲು ರಾಜ್ಯದೊಳಗೆ ನುಗ್ಗಿತು. 22ರಂದು ಇಸಾಂಡ್ಲ್ವಾನದಲ್ಲಿ ಜುಲುಗಳು ಆ ಸೇನೆಯ 1,300ಕ್ಕೂ ಹೆಚ್ಚ ಜನರನ್ನು ಕೊಂದರು. ನೇಟಾಲಿನ ಮನೆಮನೆಯಲ್ಲಿ ದುಃಖ, ಕೋಪ, ಸೇಡಿನ ಕೂಗು. ಮಾರ್ಚ್ 12ರಂದು ಪ್ರಾರ್ಥನೆಯ ದಿನವೆಂದು ಸಾರಿದರು. ಪೀಟರ್‌ಮಾರಿಟ್ಸ್‌ಬರ್ಗಿನ ಸೇಂಟ್ ಪೀಟರ್ಸ್ ಚರ್ಚಿನಲ್ಲಿ ಅರವತ್ತೈದರ ಆಸುಪಾಸಿನ ಕೊಲೆನ್ಸೊ ಪೀಠ ಏರಿದ. ನ್ಯಾಯದಿಂದ ನಡೆ, ಕರುಣೆಯನ್ನು ಪ್ರೀತಿಸು, ದೇವರ ಮುಂದೆ ವಿನಯದಿಂದಿರು ಎಂಬರ್ಥದ ಪ್ರವಾದಿ ಮೀಕನ ಉಪದೇಶವನ್ನು ಆಧಾರವಾಗಿ ತೆಗೆದುಕೊಂಡ. ಸತ್ತ ಸೈನಿಕರಿಗಾಗಿ ಶೋಕಿಸಿದ. ಸತ್ತ ಜುಲುಗಳಿಗಾಗಿಯೂ ಶೋಕಿಸಿದ. ಅವರೂ ತಮ್ಮ ದೊರೆಗಾಗಿ, ನೆಲಕ್ಕಾಗಿ ಕಾದಿ ಸತ್ತವರಲ್ಲವೆ ಎಂದ. ಈ ಯುದ್ಧದಲ್ಲಿ ನಮ್ಮ ನ್ಯಾಯವೆಲ್ಲಿ, ಕರುಣೆಯೆಲ್ಲಿ ಎಂದು ಆ ಸಭೆಯನ್ನು ಕೇಳಿದ. ಸೋತು ಸೆರೆಯಾದ ದೊರೆ ಕೆಚ್ವಾಯೊನನ್ನು ಕೇಪ್‌ಟೌನಿನಲ್ಲಿ ಹೋಗಿ ಕಂಡ. ಅವನ ಪರವಾಗಿ ಕಾಗದಪತ್ರಗಳನ್ನು ಕೂಡಿಸುತ್ತ, ಅಚ್ಚು ಹಾಕಿಸುತ್ತ ಕೊನೆಯ ವರ್ಷಗಳನ್ನು ಕಳೆದು 1883ರ ಜೂನ್ 20ರಂದು ತೀರಿಕೊಂಡ.

ಅಕ್ಷರವನ್ನು ಪ್ರಶ್ನಿಸಿದವನಿಗೆ ನಂಬಿಕೆ ಉಳಿಯದು ಎಂದು ಬಿಷಪ್ ಗ್ರೇ ಹೇಳಿದ್ದ. ಆತ ಅಂಜಿದ್ದ ಪಾಳುಮನೆಯಲ್ಲಿ ಉಳಿದ ನಂಬಿಕೆ ಯಾವುದೆಂಬುದಕ್ಕೆ ಆ ಮಾರ್ಚ್ ತಿಂಗಳ ಉಪದೇಶವೇ ಸಾಕ್ಷಿ. ಮೋಶೆಯ ಕಾಂಡಗಳ ಅಂಕಿಗಳನ್ನು ತೂಗಿದ ಕೊಲೆನ್ಸೊ ಮೀಕನ ಮಾತನ್ನು ತೂಗಲಿಲ್ಲ. ಅದರ ತಕ್ಕಡಿಯಲ್ಲಿ ತನ್ನನ್ನೂ ತನ್ನ ಸಾಮ್ರಾಜ್ಯವನ್ನೂ ಇಟ್ಟು ತೂಗಿದ. ಧರ್ಮಗ್ರಂಥದಲ್ಲಿ ನಾವು ಪರೀಕ್ಷಿಸಬೇಕಾದದ್ದು ಕೆಲವುಂಟು, ನಮ್ಮನ್ನು ಪರೀಕ್ಷಿಸುವಂಥದು ಕೆಲವುಂಟು. ಎರಡನ್ನೂ ಬೇರೆಮಾಡಿ ತಿಳಿಯುವುದಕ್ಕೆ ತರ್ಕ ಬೇಕು. ಎರಡನೆಯದಕ್ಕೆ ತಲೆಬಾಗುವುದಕ್ಕೆ ಶ್ರದ್ಧೆ ಬೇಕು.

ಎಕುಖಾನ್ಯೇನಿಯ ಶಾಲೆಗೆ ಬಾಲಕನಾಗಿ ಬಂದು, ಅಲ್ಲಿನ ಅಚ್ಚುಕೂಟದಲ್ಲಿ ಮೊಳೆ ಜೋಡಿಸಲು ಕಲಿತವನು ಮಗೇಮ ಫೂಜೆ. ನ್ಗಿಡಿಯ ಜೊತೆಯಲ್ಲಿ 1859ರ ಪ್ರವಾಸವನ್ನು ಬರೆದ ಮೂವರಲ್ಲಿ ಆತನೂ ಒಬ್ಬ. ತನ್ನ ಜನ ಎಲ್ಲಿಂದ ಬಂದವರು ಎಂಬ ಚರಿತ್ರೆಯನ್ನು ಆತ ಮುಪ್ಪಿನಲ್ಲಿ ಜುಲು ಭಾಷೆಯಲ್ಲಿಯೇ ಬರೆದು 1922ರಲ್ಲಿ ಪ್ರಕಟಿಸಿದ. ಹಳೆಯ ಕಥೆಯೊಂದನ್ನು ಕೇಳಿ, ಇದು ನಿಜವೆ ಎಂದು ಗುರುವನ್ನು ಪ್ರಶ್ನಿಸಿದವನ ಊರಿನಿಂದ, ನಮ್ಮ ಕಥೆಯನ್ನು ನಾವೇ ಹೇಳುತ್ತೇವೆ ಎನ್ನುವ ಒಂದು ಪುಸ್ತಕ ಬಂದಿತು. ಆ ಪ್ರಶ್ನೆಯನ್ನು ಗದರಿಸಿ ಸುಮ್ಮನಾಗಿಸದ ಗುರು ಒಬ್ಬ ಅಲ್ಲಿದ್ದ ಎಂಬುದು ಕೊಲೆನ್ಸೊನ ಎಲ್ಲ ಲೆಕ್ಕಗಳಿಗಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿಯತಕ್ಕದ್ದು.